ಹೆಸರು ಹಿಡಿದು ಕರೆದರೆ

ದೊಡ್ಡ ಸಂಸಾರದ ಉಗ್ರಾಣವನ್ನು ಕಂಡವರಿಗೆ ಒಂದು ಸಂಗತಿ ತಿಳಿದೇ ಇದೆ. ಸಾಲಾಗಿ ಜೋಡಿಸಿದ ನಲವತ್ತು ಡಬ್ಬಿಗಳಲ್ಲಿ ಮೆಂತ್ಯ ಯಾವುದರಲ್ಲಿದೆಯೆಂಬುದನ್ನು ಮನೆಯ ಹಿರಿಯಾಕೆ ಕಣ್ಣು ಮುಚ್ಚಿ ಹೇಳಬಲ್ಲಳು. ನಿನ್ನೆ ಬಂದ ಸೊಸೆಯಾದರೋ ಒಂದೊಂದೇ ಮುಚ್ಚಳವನ್ನು ತೆಗೆದು ನೋಡಬೇಕು, ಇಲ್ಲವೆ, "ಅತ್ತೆ, ಮೆಂತ್ಯದ ಡಬ್ಬಿ ಯಾವುದು?" ಎಂದು ಕೇಳಬೇಕು. "ಎಡಗಡೆ ಮೂರನೆಯದು ನೋಡಮ್ಮ" ಎಂಬ ಉತ್ತರ ಬಂದರೆ ಕೆಲಸ ಹಗುರ. ಗಣಕಯಂತ್ರದ ಮುಂದೆ ಕುಳಿತವರ ಪಾಡೂ ಬಹುಮಟ್ಟಿಗೆ ಈ ಸೊಸೆಯ ಪಾಡೇ.

ತಮ್ಮ ಟಿಪ್ಪಣಿಗಳನ್ನು 'ಸ್ವಂತ ವಿಕಿ'ಯಲ್ಲಿ ಬರೆದಿಡುವವರು ಇಂದು ಅನೇಕರಿದ್ದಾರೆ. ವಿಕಿಯೆಂದರೆ ಪುಟದಿಂದ ಪುಟಕ್ಕೆ ಕೊಂಡಿಗಳಿರುವ, ಓದುವವರೇ ತಿದ್ದಬಹುದಾದ ಪುಸ್ತಕ. ಅಮೆರಿಕದ ವಾರ್ಡ್ ಕನ್ನಿಂಗ್‌ಹ್ಯಾಮ್ 1995ರಲ್ಲಿ ಮೊದಲ ವಿಕಿಯನ್ನು ತೆರೆದಾಗ ಹೊನೊಲುಲು ವಿಮಾನನಿಲ್ದಾಣದ 'ವಿಕಿ ವಿಕಿ' ಬಸ್ಸಿನ ಹೆಸರನ್ನು ಅದಕ್ಕಿಟ್ಟರು. ಹವಾಯಿ ಭಾಷೆಯಲ್ಲಿ 'ವಿಕಿ' ಎಂದರೆ ಬೇಗ. ಅದು ಹಲವರು ಕೂಡಿ ಬರೆಯುವ ವಿಕಿ. ಒಬ್ಬರೇ ಬರೆದು ಇಟ್ಟುಕೊಳ್ಳುವ ವಿಕಿಗಳು ಆಮೇಲೆ ಬಂದವು. 2004ರಲ್ಲಿ ಜೆರೆಮಿ ರಸ್ಟನ್ ಹೊರತಂದ ಟಿಡ್ಲಿವಿಕಿಯಲ್ಲಿ ಇಡೀ ಪುಸ್ತಕವೇ ಒಂದು ಕಡತದೊಳಗೆ ಅಡಗಿರುತ್ತದೆ.

ಗೃಹಿಣಿಯೊಬ್ಬಳು ಇಂಥದೊಂದರಲ್ಲಿ ಅಡಿಗೆಯ ವಿಧಾನ, ಮಕ್ಕಳ ಚುಚ್ಚುಮದ್ದಿನ ದಿನಾಂಕ, ವಿಮೆಯ ಕಂತು, ಅಜ್ಜಿ ಹೇಳಿದ ಮನೆತನದ ಕಥೆ ಎಲ್ಲವನ್ನೂ ಬರೆದಿಟ್ಟಿದ್ದಾಳೆಂದು ಭಾವಿಸಬಹುದು. ಅಜ್ಜಿಯ ಹೆಸರು ಬಂದ ಪುಟಗಳನ್ನೆಲ್ಲ ಒಂದೆಡೆ ಕೂಡಿಸಬೇಕೆಂದು ಒಂದು ದಿನ ಆಕೆಗೆ ಅನಿಸುತ್ತದೆ. ಆ ಶಕ್ತಿ ತಂತ್ರಾಂಶಕ್ಕೆ ಉಂಟು. ಆದರೆ ಅದು ಪಟ್ಟಿಯೊಳಗಿನ ಪಟ್ಟಿಯಲ್ಲಿ ಎಲ್ಲೋ ಹುದುಗಿದೆ. ದೇವರು ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆ ಇಲ್ಲಿಗೂ ಸಲ್ಲುತ್ತದೆ.

ಈ ಪೂಜಾರಿಯನ್ನು ದಾಟುವ ಉಪಾಯವೇ ಆಜ್ಞಾಫಲಕ, ಎಂದರೆ ಕಮ್ಯಾಂಡ್ ಪ್ಯಾಲೆಟ್. ಎರಡು ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದೊಡನೆ ಪರದೆಯ ಮೇಲೆ ಚಿಕ್ಕದೊಂದು ಪೆಟ್ಟಿಗೆ ಮೂಡುತ್ತದೆ. ಬೇಕಾದ ಕೆಲಸದ ಹೆಸರಿನ ನಾಲ್ಕು ಅಕ್ಷರ ಬರೆದರೆ ಅದಕ್ಕೆ ಹೊಂದುವ ಆಜ್ಞೆಗಳು ಕೆಳಗೆ ಸಾಲಾಗಿ ನಿಲ್ಲುತ್ತವೆ. ಇದರ ಬೇರು ಹಳೆಯದು. 1976ರಲ್ಲಿ ಮೆಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯ ಪ್ರಯೋಗಾಲಯದಲ್ಲಿ ರಿಚರ್ಡ್ ಸ್ಟಾಲ್ಮನ್, ಗೈ ಸ್ಟೀಲ್ ಮೊದಲಾದವರ ಕೈಯಲ್ಲಿ ರೂಪುಗೊಂಡ ಈಮ್ಯಾಕ್ಸ್ ಎಂಬ ಬರೆವಣಿಗೆಯ ಸಾಧನದಲ್ಲಿ ಆಜ್ಞೆಯನ್ನು ಹೆಸರು ಹಿಡಿದೇ ಕರೆಯಬಹುದಾಗಿತ್ತು. ಫಲಕದ ಈಗಿನ ರೂಪವನ್ನು 2011ರಲ್ಲಿ ಸಬ್ಲೈಮ್ ಟೆಕ್ಸ್ಟ್ ಎಂಬ ತಂತ್ರಾಂಶವು ಬಳಕೆಗೆ ತಂದಿತು.

ಫಲಕವನ್ನು ಕಟ್ಟುವುದು ಅಷ್ಟು ಕಷ್ಟವಲ್ಲ. ಅದನ್ನು ಬೆಳೆಯಬಲ್ಲಂತೆ ಕಟ್ಟುವುದರಲ್ಲಿದೆ ಜಾಣ್ಮೆ. ತಂತ್ರಾಂಶದೊಡನೆ ಬಂದ ಆಜ್ಞೆಗಳೂ ಆಮೇಲೆ ಸೇರಿಸಿದ ಉಪಾಂಗಗಳ ಆಜ್ಞೆಗಳೂ ಒಂದೇ ದಾಖಲೆಯಲ್ಲಿ ಸಮಾನವಾಗಿ ಸೇರಬೇಕು. ಪ್ರತಿಯೊಂದಕ್ಕೂ ಕಾಣುವ ಹೆಸರೊಂದು, ಬದಲಾಗದ ಗುರುತೊಂದು, ಮಾಡುವ ಕೆಲಸವೊಂದು, ಯಾವ ಸಂದರ್ಭದಲ್ಲಿ ಅದು ಸಲ್ಲುತ್ತದೆಂಬ ನಿಯಮವೊಂದು ಇರಬೇಕು. ಪುಟವೇ ತೆರೆದಿಲ್ಲದಾಗ 'ಈ ಪುಟವನ್ನು ಮುದ್ರಿಸು' ಎಂಬುದನ್ನು ತೋರಿಸಿ ಫಲವೇನು? ಇಬ್ಬರು ಬೇರೆ ಬೇರೆ ಉಪಾಂಗಗಳಲ್ಲಿ 'ಪಟ್ಟಿ ಮಾಡು' ಎಂಬ ಒಂದೇ ಹೆಸರಿಟ್ಟರೆ ಗೊಂದಲವಾಗುತ್ತದೆ. ಆದುದರಿಂದ 2020ರಲ್ಲಿ ಹೊರಬಂದ ಅಬ್ಸಿಡಿಯನ್ ತಂತ್ರಾಂಶವು ಪ್ರತಿ ಆಜ್ಞೆಯ ಮುಂದೆಯೂ ಉಪಾಂಗದ ಹೆಸರನ್ನು ತಾನೇ ಸೇರಿಸುತ್ತದೆ. ಒಂದೇ ಹೆಸರಿನ ಇಬ್ಬರನ್ನು ಮನೆತನದ ಹೆಸರಿನಿಂದ ಗುರುತಿಸುವ ಹಾಗೆ ಇದು.

ಕನ್ನಡದಲ್ಲಿ ಬರೆಯುವವರಿಗಾಗಿ ಫಲಕ ಕಟ್ಟುವವರಿಗೆ ಇನ್ನೊಂದು ಹೊಣೆಯುಂಟು. 'ಕೋ' ಎಂಬಲ್ಲಿನ ಓಕಾರವನ್ನು ಯೂನಿಕೋಡ್ ಪದ್ಧತಿಯಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಮೂರು ಸಂಕೇತಗಳ ಜೋಡಣೆಯಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಬೇರೆ ಬೇರೆ. ಇವನ್ನು ಮೊದಲು ಒಂದೇ ರೂಪಕ್ಕೆ ತಂದು ಹೋಲಿಸದಿದ್ದರೆ, 'ಕೋಶ ತೆರೆ' ಎಂದು ತಪ್ಪಿಲ್ಲದೆ ಬರೆದವರಿಗೂ 'ಅಂಥದಿಲ್ಲ' ಎಂಬ ಉತ್ತರ ಬಂದೀತು. ಇನ್ನು 'ಹುಡುಕು' ಎನ್ನುವವರೂ 'ಅರಸು' ಎನ್ನುವವರೂ 'ಶೋಧಿಸು' ಎನ್ನುವವರೂ ಇರುವ ನಾಡಿನಲ್ಲಿ ಒಂದೇ ಆಜ್ಞೆಗೆ ಮೂರು ಹೆಸರುಗಳನ್ನು ಒಪ್ಪುವ ಉದಾರತೆ ಬೇಕೇ ಬೇಕು.

ಉದಾರತೆಯೊಡನೆ ಎಚ್ಚರವೂ ಇರತಕ್ಕದ್ದು. 'ಪುಟವನ್ನು ಅಳಿಸು' ಎಂಬುದು 'ಪುಟವನ್ನು ಅಲಂಕರಿಸು' ಎಂಬುದರ ಪಕ್ಕದಲ್ಲೇ ನಿಂತಿದ್ದರೆ, ಅಜ್ಜಿಯ ಕಥೆ ಬೆರಳಿನ ಒಂದು ತಪ್ಪಿಗೆ ಬಲಿಯಾಗಬಹುದು. ಈಮ್ಯಾಕ್ಸ್‌ನಲ್ಲಿ ಹೊಸಬರನ್ನು ಗಲಿಬಿಲಿಗೊಳಿಸುವ ಕೆಲವು ಆಜ್ಞೆಗಳು ಮೊದಲ ಸಲ ಕರೆದೊಡನೆ ನಡೆಯವು; ನಿಜವಾಗಿ ಬೇಕೆ ಎಂದು ಕೇಳಿ ನಿಲ್ಲುತ್ತವೆ. ಅಬ್ಸಿಡಿಯನ್‌ನಲ್ಲಿ ಹೊರಗಿನವರು ಬರೆದ ಉಪಾಂಗಗಳಿಗೆ ಬಳಸುವವರೇ ಬಾಗಿಲು ತೆರೆಯಬೇಕು. ಮನೆಯೊಳಗೆ ಯಾರನ್ನು ಬಿಡಬೇಕೆಂಬುದನ್ನು ಮನೆಯವರೇ ನಿರ್ಧರಿಸುವುದು ತಾನೆ ನ್ಯಾಯ!

ಇಷ್ಟೆಲ್ಲ ಕಷ್ಟಪಟ್ಟು ಫಲಕವನ್ನು ಹೊಸ ಆಜ್ಞೆಗಳಿಗೆ ತೆರೆದಿಡುವುದು ಏಕೆ? ಇದಕ್ಕೆ ಉತ್ತರವಾಗಿ ಸ್ಟಾಲ್ಮನ್ 2002ರ ಭಾಷಣವೊಂದರಲ್ಲಿ ಹೇಳಿದ ಒಂದು ಪ್ರಸಂಗವಿದೆ. ಬರ್ನಾರ್ಡ್ ಗ್ರೀನ್‌ಬರ್ಗ್ ಎಂಬವರು 1978ರಲ್ಲಿ ಮಲ್ಟಿಕ್ಸ್ ಎಂಬ ಗಣಕವ್ಯವಸ್ಥೆಗಾಗಿ ಈಮ್ಯಾಕ್ಸನ್ನು ಹೊಸದಾಗಿ ಬರೆದರು. ಅವರ ಕಚೇರಿಯಲ್ಲಿ ಪತ್ರವ್ಯವಹಾರ ನೋಡಿಕೊಳ್ಳುತ್ತಿದ್ದ ಕಾರ್ಯದರ್ಶಿಗಳಿಗೆ, ಹೊಸ ಆಜ್ಞೆಗಳನ್ನು ಸೇರಿಸುವ ಬಗೆಯನ್ನು ತಿಳಿಸುವ ಕೈಪಿಡಿಯೊಂದು ಸಿಕ್ಕಿತು. ಅದರಲ್ಲಿ 'ಪ್ರೋಗ್ರಾಮಿಂಗ್' ಎಂಬ ಮಾತೇ ಇರಲಿಲ್ಲ. ಆ ವಿದ್ಯೆ ತಮ್ಮಿಂದಾಗದೆಂದು ನಂಬಿದ್ದವರು ಹೆದರದೆ ಓದಿದರು. ತಮಗೆ ಬೇಕಾದ ಆಜ್ಞೆಗಳನ್ನು ತಾವೇ ರಚಿಸಿದರು. ಕೊನೆಗೆ ಪ್ರೋಗ್ರಾಮಿಂಗನ್ನೇ ಕಲಿತುಬಿಟ್ಟರು.

ಈ ಪ್ರಸಂಗವನ್ನು ವಿನ್ಯಾಸಕಾರರು ನೆನಪಿನಲ್ಲಿಡುವುದು ಲೇಸು. ಅಜ್ಜಿಯ ಹೆಸರಿನ ಪುಟಗಳನ್ನು ಹೇಗೆ ಜೋಡಿಸಬೇಕೆಂಬುದು ಎಲ್ಲೋ ಕುಳಿತ ತಂತ್ರಜ್ಞನಿಗೆ ತಿಳಿಯದು. ಆ ಗೃಹಿಣಿಗೆ ತಿಳಿದಿದೆ. 'ಅಜ್ಜಿಯ ಕಥೆ ಕೂಡಿಸು' ಎಂಬ ಆಜ್ಞೆಯನ್ನು ಆಕೆ ತಾನೇ ಬರೆದು, ಆ ಹೆಸರು ಉಳಿದವುಗಳ ಸಾಲಿನಲ್ಲಿ ಸಮನಾಗಿ ನಿಂತಾಗ, ಸೊಸೆಯಾಗಿ ಬಂದವಳ ಕೈಗೆ ಉಗ್ರಾಣದ ಬೀಗದ ಕೈ ಬಂದಂತಾಗುತ್ತದೆ.