ಚಲೋ ಬೆಳಿಗಿ ಚಲೋ ರೇಟ್ ಗುಣಿಸಿ ಸಂಸಾರ ಮಾಡಬ್ಯಾಡ್ರಿ

ಎಳ್ಳ ಅಮಾವಾಸಿಗಿ ಹೊಲಕ್ಕ ಹೋಗಿ ಚರಗ ಚೆಲ್ಲಿ, ಭಜ್ಜಿ-ಸಜ್ಜಿ ರೊಟ್ಟಿ ಉಂಡು ಬಂದ್ವಿ. ಬದುವಿನ ಮ್ಯಾಲ ಕೂತಾಗ ಮಾತು ಎಲ್ಲಾ ಒಂದೇ, ಈ ಸಲ ತೊಗರಿ ರೇಟ್ ಎಷ್ಟಾಗ್ತದ ಅಂತ. ಒಬ್ಬರು ಹತ್ತು ಸಾವಿರ ಅಂದ್ರು. ಇನ್ನೊಬ್ಬರು ಆ ಹತ್ತು ಸಾವಿರದಾಗ ಕೂತಲ್ಲೇ ಮಗಳ ಲಗ್ನ ಮಾಡಿ ಮುಗಿಸಿದ್ರು. ನಾನು ಸುಮ್ಮನ ಕೂತೆ, ಯಾಕಂದ್ರ ಹೋದ ವರ್ಷ ಇದೇ ಲೆಕ್ಕ ಹಾಕಿ ಕೈ ಸುಟ್ಟುಕೊಂಡವ ನಾನೇ.

ಮನಿ ಗಾಜಿಪುರದಾಗ, ಹೊಲ ಕಮಲಾಪುರ ಕಡೆ. ಮಳಿ ನಂಬಿದ ಹೊಲ, ತೊಗರಿ ಏಳು ಎಕರೆ. 2023ರಾಗ ಬರ ಬಿತ್ತು, ನಿಮಗೂ ನೆನಪದ. ನನಗ 18 ಕ್ವಿಂಟಲ್ ಬಂತು. ಮಾರಿದಾಗ 9,800 ರೇಟ್ ಸಿಕ್ತು, ಒಟ್ಟು 1,76,400. ಮರುವರ್ಷ ಮಳಿ ಚಲೋ ಆಯ್ತು, ಗಿಡ ನೋಡಿದ್ರ 27 ಕ್ವಿಂಟಲ್ ಬರೋ ಹಂಗಿತ್ತು. ನಾನು 27ನ್ನ 9,800ಕ್ಕ ಗುಣಿಸಿದೆ. 2,64,600! ಆ ಲೆಕ್ಕದ ಮ್ಯಾಲೇ ದೀಪಾವಳಿಗಿ ಫೈನಾನ್ಸ್ ಮಾಡಿಸಿ ಹೊಸ ಗಾಡಿ, ಮನಿಗಿ ದೊಡ್ಡ ಟಿವಿ, ಕಿರಾಣಿ ಅಂಗಡ್ಯಾಗ ಉದ್ರಿ.

2025ರ ಜನವರಿಯಾಗ ಗಂಜಿಗಿ ಒಯ್ದೆ. 27 ಕ್ವಿಂಟಲ್ ಬಂದಿತ್ತು ಖರೇ, ರೇಟ್ ಮಾತ್ರ 7,300. ಪಟ್ಟಿ ಆಗಿದ್ದು 1,97,100. ನನ್ನ ಲೆಕ್ಕಕ್ಕಿಂತ 67,500 ಕಮ್ಮಿ. ಮಜಾ ಏನಂದ್ರ, ಬರದ ವರ್ಷಕ್ಕಿಂತ ಆ ವರ್ಷ 20,700 ಹೆಚ್ಚೇ ಬಂದಿತ್ತು. ಬರದಾಗ ಸಾಲ ಆಗಿರಲಿಲ್ಲ, ಬೆಳಿ ಬಂದ ವರ್ಷ ಆಯ್ತು!

ಇದರಾಗ ಗುಟ್ಟು ಏನಿಲ್ರಿ. ಎಲ್ಲರ ಬೆಳಿ ಹೋದಾಗ ರೇಟ್ ಏರ್ತದ, ಎಲ್ಲರ ಬೆಳಿ ಬಂದಾಗ ಇಳೀತದ. ಮ್ಯಾಲ ಮ್ಯಾನ್ಮಾರ್, ಮೊಜಾಂಬಿಕ್ ಕಡಿಯಿಂದ ತೊಗರಿ ಬರ್ತದ, ಸುಂಕ ಇಲ್ಲದ ಆಮದಿಗಿ 2026ರ ಮಾರ್ಚ್ ತನಕ ಕೇಂದ್ರ ಅವಕಾಶ ಕೊಟ್ಟಿತ್ತು. ಬೆಂಬಲ ಬೆಲೆ 2025-26ರ ಹಂಗಾಮಿಗಿ 8,000, ಅದರ ಹಿಂದಿನ ಸಲ 7,550 ಇತ್ತು, ಅದಕ್ಕ ರಾಜ್ಯ 450 ಕೂಡಿಸಿ ಕೊಟ್ಟಿತ್ತು. ಆದ್ರ ಖರೀದಿ ಕೇಂದ್ರದಾಗ ನೋಂದಣಿ ಆಗಬೇಕು, ಎಕರೆಗಿ ಇಷ್ಟೇ ಅಂತ ಮಿತಿ ಇರ್ತದ, ರೊಕ್ಕ ಖಾತೆಗಿ ಬರಲಿಕ್ಕ ದಿನ ಹಿಡೀತಾವ. ಅಷ್ಟರಾಗ ಉದ್ರಿ ಕೊಟ್ಟವರು ಮನಿ ಮುಂದ ನಿಂತಿರ್ತಾರ, ನಾವು ಗಂಜಿಗೇ ಹೋಗ್ತೀವಿ. ರೇಟಿನ ಸಲುವಾಗಿ ಹೋರಾಟ ಬಿಡಬೇಕು ಅಂತ ನಾ ಹೇಳಂಗಿಲ್ಲ. ಅದು ಬ್ಯಾರೆ, ಮನಿ ಲೆಕ್ಕ ಬ್ಯಾರೆ.

ಈಗ ನಾನು ಮಾಡೋದು ಹೀಂಗ. ಹಳೇ ಪಟ್ಟಿ ಎಲ್ಲಾ ತೆಗೆದೆ. ಎಲ್ಲಕ್ಕಿಂತ ಕಮ್ಮಿ ಬಂದ ವರ್ಷ 1,76,400. ಬೀಜ, ಗೊಬ್ಬರ, ಎಣ್ಣಿ, ಆಳು, ರಾಶಿ ಅಂತ ಏಳು ಎಕರೆಗಿ 77,000 ಖರ್ಚು. ಉಳಿದದ್ದು 99,400, ಹನ್ನೆರಡಕ್ಕ ಭಾಗಿಸಿದ್ರ ತಿಂಗಳಿಗಿ 8,280 ರೂಪಾಯಿ. ಕೂಡ್ರಿಸಿ ಮನಿಯಾಕಿಗಿ ಇದನ್ನ ಓದಿ ಹೇಳಿದೆ. ಆಕಿ, "ಇಷ್ಟರಾಗ ನಾ ನಡಸ್ತೀನ್ರಿ, ಮೊದಲ ಆ ಗಾಡಿ ಮಾರ್ರಿ" ಅಂದ್ಳು. ಮಾರಿದೆ. ಲುಕ್ಸಾನ ಆಯ್ತು, ಆದ್ರ ಕಂತು ನಿಂತ್ವು.

77,000ದ್ದು ಒಂದು ಮಾತು ಒತ್ತಿ ಹೇಳ್ತೀನಿ. ಪಟ್ಟಿ ರೊಕ್ಕ ಬಂದ ದಿನಾನೇ ಅದನ್ನ ಬ್ಯಾರೆ ಖಾತೆಗಿ ಹಾಕ್ರಿ, ಎಟಿಎಂ ಕಾರ್ಡ್ ಇಲ್ಲದ ಖಾತೆ ಆದ್ರ ಇನ್ನೂ ಚಲೋ. ಅದನ್ನ ಉಂಡು ಬಿಟ್ರ ಜೂನ್‌ದಾಗ ಬೀಜಕ್ಕ ಕೈ ಒಡ್ಡಬೇಕು. ನೂರಕ್ಕ ತಿಂಗಳಿಗಿ ಮೂರರಂಗ 50,000 ತಂದ್ರ ಜನವರಿ ತನಕ ಏಳು ತಿಂಗಳಿಗಿ ಬಡ್ಡಿನೇ 10,500. ಹೆಚ್ಚೂಕಮ್ಮಿ ಒಂದೂವರಿ ಕ್ವಿಂಟಲ್ ತೊಗರಿ ಬಿತ್ತೋದ್ರಾಗೇ ಹೋಯ್ತು. ಸಾಲ ಬೇಕೇ ಬೇಕಂದ್ರ ಮೊದಲ ಸೊಸೈಟಿಗಿ ಹೋಗ್ರಿ. ವೇಳೆಗಿ ತಿರುಗಿಸಿದ್ರ ಶೂನ್ಯ ಬಡ್ಡಿ, ಅದರ ಮಿತಿ 3 ಲಕ್ಷದಿಂದ 5 ಲಕ್ಷಕ್ಕ ಏರಿಸ್ಯಾರ. ವೇಳೆ ತಪ್ಪಿತೋ, ಬಡ್ಡಿ ಬೀಳ್ತದ.

ಪಿಎಂ ಕಿಸಾನ್ 6,000, ಗೃಹಲಕ್ಷ್ಮಿ 2,000, ಇವನ್ನ ನಾನು ತಿಂಗಳ ಲೆಕ್ಕದಾಗ ಹಿಡಿಯಂಗಿಲ್ಲ. ಗೃಹಲಕ್ಷ್ಮಿ ಆಕಿ ರೊಕ್ಕ, ಆಕಿ ಖಾತೆದಾಗೇ ಇರ್ತದ. ದವಾಖಾನಿ ಬಂದಾಗ ಅದೇ ಕೈ ಹಿಡೀತದ.

ಎರಡು ಎಕರೆ ಇದ್ದವರಿಗಿ ಈ ಭಾಗಾಕಾರ ಉಪಯೋಗ ಆಗಂಗಿಲ್ಲ, ಅದು ನನಗ ಗೊತ್ತದ. ಭಾಗಿಸಲಿಕ್ಕ ಉಳೀಬೇಕಲ್ಲ. ಅವರಿಗಿ ಕೂಲಿನೇ ಆಧಾರ. ಅವರಿಗಿ ಉಳಿತಾಯದ ಬುದ್ಧಿ ಹೇಳೋರನ್ನ ಕಂಡ್ರ ನನಗ ಸಿಟ್ಟು ಬರ್ತದ.

ಈ ಸಲ ಆಗಸ್ಟ್-ಸೆಪ್ಟೆಂಬರ್ ಮಳ್ಯಾಗ ನಮ್ಮ ತಗ್ಗಿನ ಎರಡು ಎಕರೆ ತೊಗರಿ ನೀರು ನಿಂತು ಹೋಯ್ತು. ಉಳಿದದ್ದು 15 ಕ್ವಿಂಟಲ್ ಆದ್ರ ದೊಡ್ಡದು. ನಾನು ಅದನ್ನ 7,000ಕ್ಕೇ ಗುಣಿಸೀನಿ, 1,05,000 ಆಯ್ತು. ಖರ್ಚು ಕಳೆದ್ರ 28,000. ಅಂದ್ರ 8,280 ಅಂತ ಹಾಕಿದ ಲೆಕ್ಕನೂ ಕೆಳಗ ಬಿತ್ತು. ಮನ್ಯಾಗ ಹೇಳೀನಿ. ತಮ್ಮನ ಮಗನ ಲಗ್ನಕ್ಕ ಆಹೇರಿ ಇಷ್ಟೇ ಅಂತ ತಮ್ಮಗೂ ಹೇಳೀನಿ, ಬಾಯಿ ಬಿಟ್ಟು ಹೇಳಲಿಕ್ಕ ನಾಚಿಕಿ ಆಯ್ತು, ಅವ ಮಾತ್ರ "ಅಣ್ಣ, ನೀ ಬಾ ಸಾಕು" ಅಂದ. ಮೇ ತಿಂಗಳದಾಗ ಗೊತ್ತಾಗೋದು ಡಿಸೆಂಬರ್‌ದಾಗೇ ಗೊತ್ತಾಯ್ತು, ಅದಕ್ಕ ಬ್ಯಾಸಗಿಗಿ ಗಂಜಿನಾಗ ತೂಕದ ಕೆಲಸ ಈಗೇ ಕೇಳಿಟ್ಟೀನಿ. ಯಾರಿಗಾದ್ರೂ ಬ್ಯಾರೆ ಕೆಲಸ ಗೊತ್ತಿದ್ರ ತಿಳಸ್ರಿ.