ರೆಕ್ಕೆ ನಮ್ಮದು, ಎಂಜಿನ್ ಪರರದು

2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21 ಯುದ್ಧವಿಮಾನಗಳಿಗೆ ಜಲಫಿರಂಗಿಯ ಗೌರವದೊಂದಿಗೆ ವಿದಾಯ ಹೇಳಲಾಯಿತು. 1963ರಲ್ಲಿ ಭಾರತೀಯ ವಾಯುಪಡೆಗೆ ಸೇರಿದ ಈ ವಿಮಾನ 62 ವರ್ಷ ದುಡಿಯಿತು. ಇಷ್ಟು ವರ್ಷ ಅದನ್ನು ದುಡಿಸಿಕೊಂಡಿದ್ದು ಅಕ್ಕರೆಯಿಂದಲ್ಲ, ಅದರ ಜಾಗಕ್ಕೆ ಬರಬೇಕಾದದ್ದು ಬಾರದ್ದರಿಂದ. 42 ಸ್ಕ್ವಾಡ್ರನ್‌ಗಳಿಗೆ ಮಂಜೂರಾತಿ ಇರುವ ಪಡೆಯಲ್ಲಿ ಈಗ ಉಳಿದಿರುವುದು 29.

ವಾಯುಪಡೆ ಹುಟ್ಟಿದ್ದು 1932ರ ಅಕ್ಟೋಬರ್ 8ರಂದು. ಮರುವರ್ಷ ಕರಾಚಿಯ ಡ್ರಿಗ್ ರೋಡ್‌ನಲ್ಲಿ ನಾಲ್ಕೇ ವಾಪಿಟಿ ವಿಮಾನಗಳೊಂದಿಗೆ ಮೊದಲ ಸ್ಕ್ವಾಡ್ರನ್ ಶುರುವಾಯಿತು. ಆಗಿನ ಬೆರಳೆಣಿಕೆಯ ಪೈಲಟ್‌ಗಳಲ್ಲಿ ಒಬ್ಬರಾದ ಸುಬ್ರತೊ ಮುಖರ್ಜಿ 1954ರಲ್ಲಿ ಪಡೆಯ ಮೊದಲ ಭಾರತೀಯ ಮುಖ್ಯಸ್ಥರಾದರು. 1947ರ ಅಕ್ಟೋಬರ್ 27ರಂದು ಡಕೋಟಾ ವಿಮಾನಗಳು ಶ್ರೀನಗರಕ್ಕೆ ಸೈನಿಕರನ್ನು ಹೊತ್ತೊಯ್ದವು. 1962ರಲ್ಲಿ ಯುದ್ಧವಿಮಾನಗಳನ್ನು ದಾಳಿಗೆ ಇಳಿಸದ ದೆಹಲಿ, 1971ರಲ್ಲಿ ಪೂರ್ವದ ಆಕಾಶ ಕೆಲವೇ ದಿನಗಳಲ್ಲಿ ನಮ್ಮದಾಗುವುದನ್ನು ಕಂಡಿತು.

ಈ ಇತಿಹಾಸದಲ್ಲಿ ಕೊಡಗಿನ ಅಜ್ಜಮಾಡ ದೇವಯ್ಯನವರನ್ನು ಮರೆಯುವಂತಿಲ್ಲ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ಮೇಲಿನ ದಾಳಿಗೆ ಹೋದ ಅವರು, ತಮ್ಮ ಮಿಸ್ಟೇರ್‌ಗಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ಅನ್ನು ಹೊಡೆದುರುಳಿಸಿದರು, ಮರಳಿ ಬರಲಿಲ್ಲ. ಅವರಿಗೆ ಮಹಾವೀರ ಚಕ್ರ ಸಂದದ್ದು 1988ರಲ್ಲಿ. ಯಂತ್ರ ಹಿಂದುಳಿದಾಗ ಮನುಷ್ಯ ಆ ಕೊರತೆಯನ್ನು ತುಂಬಿದ. ಅದನ್ನು ಗುರುತಿಸಲು ವ್ಯವಸ್ಥೆಗೆ 23 ವರ್ಷ ಬೇಕಾಯಿತು.

ಮನುಷ್ಯರನ್ನು ತಯಾರು ಮಾಡುವ ಸಂಸ್ಥೆಗಳನ್ನು ಮಾತ್ರ ಪಡೆ ಭದ್ರವಾಗಿ ಕಟ್ಟಿದೆ. ಅವುಗಳಲ್ಲಿ ಹಲವು ಕರ್ನಾಟಕದಲ್ಲೇ ಇವೆ. ತರಬೇತಿ ಕಮಾಂಡ್, ಜಾಲಹಳ್ಳಿಯ ತಾಂತ್ರಿಕ ಕಾಲೇಜು, ಪರೀಕ್ಷಾ ಪೈಲಟ್‌ಗಳ ಶಾಲೆ, ವೈಮಾನಿಕ ವೈದ್ಯಕೀಯ ಸಂಸ್ಥೆ ಬೆಂಗಳೂರಿನಲ್ಲಿವೆ. ಫೈಟರ್ ಪೈಲಟ್‌ಗಳು ಬೀದರ್‌ನಲ್ಲಿ ಹಾಕ್ ವಿಮಾನ ಹಾರಿಸಿ ಪಳಗುತ್ತಾರೆ. 1984ರಲ್ಲಿ ಬಾಹ್ಯಾಕಾಶಕ್ಕೆ ಹೋದ ರಾಕೇಶ್ ಶರ್ಮಾ ಈ ಪಡೆಯವರೇ. 2016ರಲ್ಲಿ ಮೂವರು ಮಹಿಳೆಯರೂ ಫೈಟರ್ ವಿಭಾಗಕ್ಕೆ ಬಂದರು.

ಹಾಗಾದರೆ ಕೊರತೆ ಎಲ್ಲಿ? ಬೆಂಗಳೂರಿನ ಸುರಂಜನ್ ದಾಸ್ ರಸ್ತೆಯ ಟ್ರಾಫಿಕ್‌ನಲ್ಲಿ ದಿನವೂ ಸಿಕ್ಕಿಕೊಳ್ಳುವವರಲ್ಲಿ ಆ ಹೆಸರು ಯಾರದೆಂದು ಬಲ್ಲವರು ಕಡಿಮೆ. ಜರ್ಮನ್ ತಂತ್ರಜ್ಞ ಕುರ್ಟ್ ಟ್ಯಾಂಕ್ ಎಚ್ಎಎಲ್‌ನಲ್ಲಿ ರೂಪಿಸಿದ ಮಾರುತ್ ವಿಮಾನವನ್ನು 1961ರ ಜೂನ್ 17ರಂದು ಮೊದಲು ಹಾರಿಸಿದವರು ಸುರಂಜನ್ ದಾಸ್. ವಿಮಾನದ ಮೈಕಟ್ಟು ಶಬ್ದದ ವೇಗ ಮೀರಲು ತಕ್ಕದ್ದಾಗಿತ್ತು, ಎಂಜಿನ್‌ಗೆ ಆ ತಾಕತ್ತು ಇರಲಿಲ್ಲ. ತಕ್ಕ ಎಂಜಿನ್ ಸಿಗದೆ, ಇದ್ದದ್ದಕ್ಕೇ ಬಲ ತುಂಬುವ ಪ್ರಯತ್ನ ನಡೆಯಿತು. ಹಾಗೆ ಮಾರ್ಪಡಿಸಿದ ಮಾರುತ್ 1970ರ ಜನವರಿ 10ರಂದು ಪತನಗೊಂಡಾಗ ದಾಸ್ ಅದರಲ್ಲಿದ್ದರು.

ಅದೇ ಆಸುಪಾಸಿನ ಸಿ.ವಿ. ರಾಮನ್ ನಗರದಲ್ಲಿ 1980ರ ದಶಕದ ಕೊನೆಯಲ್ಲಿ, ದೇಶೀಯ ಯುದ್ಧವಿಮಾನ ತೇಜಸ್‌ಗಾಗಿ ಕಾವೇರಿ ಎಂಜಿನ್ ಯೋಜನೆ ಶುರುವಾಯಿತು. 2008ರಲ್ಲಿ ಅದನ್ನು ತೇಜಸ್‌ನಿಂದ ಬೇರ್ಪಡಿಸಲಾಯಿತು. 2001ರಲ್ಲಿ ಮೊದಲು ಹಾರಿದ ತೇಜಸ್ ಇಂದಿಗೂ ಅಮೆರಿಕದ ಎಂಜಿನ್ ಮೇಲೆ ನಿಂತಿದೆ. 2021ರಲ್ಲಿ 83 ವಿಮಾನಗಳಿಗೆ ಆದೇಶ ಕೊಟ್ಟರೂ ಎಂಜಿನ್ ಬರುವುದು ತಡವಾಗಿ ಪಡೆ ಕಾಯುವಂತಾಯಿತು. ಮಾರುತ್ ಕಲಿಸಿದ ಪಾಠವನ್ನು ನಾವು ಓದಿದೆವು, ಮನನ ಮಾಡಲಿಲ್ಲ.

ಈಗ ಫ್ರಾನ್ಸಿನ ಕಂಪನಿಯ ಜೊತೆಗೂಡಿ ಹೊಸ ಎಂಜಿನ್ ರೂಪಿಸುವ ಮಾತು ನಡೆದಿದೆ. ಎಂಜಿನ್ ಅವಸರಕ್ಕೆ ಒದಗುವ ವಸ್ತುವಲ್ಲ. ಅದಕ್ಕೆ ದಶಕಗಟ್ಟಲೆ ಹಣ ಬೇಕು, ಪರೀಕ್ಷೆಯಲ್ಲಿ ಒಡೆದ ಬ್ಲೇಡುಗಳನ್ನು ನಷ್ಟದ ಖಾತೆಗೆ ಬರೆಯದ ತಾಳ್ಮೆ ಬೇಕು. ಸರ್ಕಾರಗಳು ಬದಲಾದರೂ ಯೋಜನೆ ಬದಲಾಗದಂತೆ ಸಂಸತ್ತು ನೋಡಿಕೊಳ್ಳಬೇಕು. ದೇವಯ್ಯ, ದಾಸ್ ಅವರಂಥವರು ಯಂತ್ರದ ಕೊರತೆಗೆ ಜೀವ ತೆತ್ತಿದ್ದಾರೆ. ಆ ಲೆಕ್ಕ ಇನ್ನೂ ಬೆಳೆಯಬಾರದು.