ತೊಟ್ಟಿಲ ಕೊಂಡಿ ಮತ್ತು ಫ್ಯಾನು

ಬೆಟಗೇರಿಯ ಹಳೆಯ ಓಣಿಯಲ್ಲೊಂದು ಮೇಲ್ಮುದ್ದೆಯ ಮನೆ. ಆ ಮನೆಯ ಮಗಳು ಚೊಚ್ಚಲ ಹೆರಿಗೆಗೆಂದು ತವರಿಗೆ ಬರುವವಳಿದ್ದಾಳೆ. ದಿನಗಳು ಯುಗಾದಿಯ ಆಚೀಚೆ ತುಂಬುತ್ತವೆ. ಗದಗ ಸೀಮೆಯ ಚೈತ್ರ ವೈಶಾಖಗಳ ಬಿಸಿಲನ್ನು ಕಂಡವರಿಗೆ ಮುಂದಿನದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಜಮಾನರು ಪೇಟೆಗೆ ಹೋದರು. ನಾಲ್ಕಡಿಯ ಫ್ಯಾನೊಂದನ್ನು ಪೆಟ್ಟಿಗೆಯ ಸಮೇತ ತಂದು ಪಡಸಾಲೆಯಲ್ಲಿ ಇಳಿಸಿದರು. ಪರಿಚಯದ ವೈರ್‌ಮನ್ನನಿಗೆ ಹೇಳಿ ಕಳುಹಿಸಿದರು.

ನಡುಮನೆಯ ಸಾಗುವಾನಿ ತೊಲೆಯ ಒಂದು ಬದಿಗೆ, ಬಾಣಂತಿಯ ಕೋಣೆಯ ಬಾಗಿಲ ಹತ್ತಿರ, ಒಂದು ಕಬ್ಬಿಣದ ಕೊಂಡಿಯುಂಟು. ಯಜಮಾನರ ತಂದೆ, ಯಜಮಾನರು, ಈಗ ಬರಲಿರುವ ಮಗಳು, ಎಲ್ಲರೂ ಆ ಕೊಂಡಿಗೆ ಕಟ್ಟಿದ ತೊಟ್ಟಿಲಲ್ಲಿ ಮಲಗಿ ಬೆಳೆದವರು. ಫ್ಯಾನಿಗೂ ಅದೇ ಸಾಕೆಂದು ಯಜಮಾನರ ಲೆಕ್ಕ.

“ಇದಕ್ಕ ತೂಗ ಹಾಕಿಬಿಡು ತಮ್ಮಾ. ಮೂರು ತಲಿಮಾರಿನ ಕೊಂಡಿ ಐತಿ, ಹಗುರ ತಿಳೀಬ್ಯಾಡ,” ಎಂದರು ಅವರು.

ವೈರ್‌ಮನ್ನನು ಮೇಲೆ ನೋಡಿ ನಕ್ಕನು. “ಕೂಸಿನ ಭಾರ ತಡದೈತ್ರಿ ಯಜಮಾನ್ರ, ಇಲ್ಲ ಅನ್ನೂದಿಲ್ಲ. ಆದ್ರ ಕೂಸು ನಿಮಿಷಕ್ಕ ಮುನ್ನೂರರವತ್ತು ಸುತ್ತು ತಿರುಗೂದಿಲ್ಲಲ್ರಿ!”

ಮಾತು ವಿನೋದದಂತೆ ಕೇಳಿದರೂ ಅದರಲ್ಲಿ ಗಣಿತವಿದೆ. ನಾಲ್ಕಡಿಯ ಸಾಮಾನ್ಯ ಫ್ಯಾನಿನ ತೂಕ ಸುಮಾರು ೪ ಕಿಲೋ. ಒಂದೆರಡು ತಿಂಗಳ ಕೂಸಿನಷ್ಟು. ಆದರೆ ಅದು ಪೂರ್ಣವೇಗದಲ್ಲಿ ಸೆಕೆಂಡಿಗೆ ೬ ಸಲ ಸುತ್ತುತ್ತದೆ. ರಾತ್ರಿ ೮ ತಾಸು ಓಡಿತೆಂದರೆ ೧,೭೨,೮೦೦ ಸುತ್ತು. ಮೂರು ರೆಕ್ಕೆಗಳಲ್ಲಿ ಒಂದು ಎಳ್ಳಷ್ಟು ಹೆಚ್ಚು ಬಾಗಿದ್ದರೂ ಆ ಪ್ರತಿ ಸುತ್ತಿಗೊಮ್ಮೆ ಕೊಂಡಿಯ ಮೇಲೆ ಒಂದು ಜಗ್ಗು ಬೀಳುತ್ತದೆ. ರೆಕ್ಕೆಯ ತುದಿಯಂತೂ ತಾಸಿಗೆ ೮೦ ಕಿಲೋಮೀಟರಿನ ವೇಗದಲ್ಲಿ ಧಾವಿಸುತ್ತಿರುತ್ತದೆ. ಗದಗಿನಿಂದ ಲಕ್ಷ್ಮೇಶ್ವರಕ್ಕೆ ಹೋಗುವ ಬಸ್ಸು ಆ ವೇಗವನ್ನು ಮುಟ್ಟುವುದು ಅಪರೂಪ. ಇದರ ಮೇಲೆ ಇನ್ನೊಂದು: ರೆಕ್ಕೆ ಒಂದು ದಿಕ್ಕಿಗೆ ತಿರುಗುವಾಗ ಅದನ್ನು ಹಿಡಿದ ರಾಡು ವಿರುದ್ಧ ದಿಕ್ಕಿಗೆ ತಿರುಚಿಕೊಳ್ಳಲು ಹವಣಿಸುತ್ತದೆ. ಮರದೊಳಗೆ ತಿರುಪಿನಿಂದ ನಿಂತ ಕೊಂಡಿಯನ್ನು ಈ ತಿರುಚು ದಿನದಿನವೂ ಕೂದಲೆಳೆಯಷ್ಟು ಸಡಿಲಿಸಬಲ್ಲದು. ತೊಟ್ಟಿಲು ತೂಗುವ ತಾಯಿಯ ಕೈಯಲ್ಲಿ ಇಂಥ ಬಲವೆಲ್ಲಿಯದು?

ಈ ಯಂತ್ರದ ಹೆಸರಿನ ಬಗೆಗೂ ಒಂದು ಮಾತು. ಲಕ್ಷ್ಮೇಶ್ವರವೆಂದರೆ ಹಿಂದಿನ ಪುಲಿಗೆರೆ; ಪಂಪನು ತನ್ನ ಭಾರತವನ್ನು ಬರೆದೆನೆಂದು ಹೇಳಿಕೊಂಡ ತಿರುಳ್ಗನ್ನಡದ ಊರು. ಕನ್ನಡದಲ್ಲಿ ‘ಬೀಸಣಿಗೆ’ ಎಂಬ ಸೊಗಸಾದ ಮಾತಿದ್ದರೂ ಆ ಊರ ಪೇಟೆಯಲ್ಲಿ ಇಂದು ಬೀಸಣಿಗೆ ಕೊಡಿರೆಂದು ಕೇಳಿದರೆ ಅಂಗಡಿಯವನು ಬಿದಿರಿನದನ್ನು ಹುಡುಕಿಯಾನು. ಹಿಂದಿಯ ‘ಪಂಖಾ’ ಶಬ್ದಕ್ಕೆ ರೆಕ್ಕೆಯೆಂಬ ಅರ್ಥದ ಸಂಸ್ಕೃತದ ‘ಪಕ್ಷ’ವೇ ಮೂಲ. ಬ್ರಿಟಿಷರ ಕಾಲದ ಕಚೇರಿಗಳಲ್ಲಿ ಛಾವಣಿಗೆ ತೂಗುಹಾಕಿದ ಬಟ್ಟೆಯ ಪಂಖವನ್ನು ಹೊರಗೆ ಕುಳಿತ ಬಡವನೊಬ್ಬನು ಹಗ್ಗದಿಂದ ಎಳೆಯುತ್ತಿದ್ದನು. ೧೮೮೦ರ ದಶಕದಲ್ಲಿ ಅಮೆರಿಕದ ಫಿಲಿಪ್ ಡೀಲ್ ಎಂಬಾತನು ಹೊಲಿಗೆ ಯಂತ್ರಕ್ಕೆಂದು ಸಿದ್ಧಪಡಿಸಿದ್ದ ಮೋಟಾರನ್ನು ಛಾವಣಿಗೆ ಏರಿಸಿ ರೆಕ್ಕೆ ಜೋಡಿಸಿದನು. ಮುಂಡರಗಿ ಶಿರಹಟ್ಟಿಗಳ ಕಡೆಗೆ ಹೋಗುವವರು ಕಪ್ಪತಗುಡ್ಡದ ನೆತ್ತಿಯ ಮೇಲೆ ನಿಂತ ಗಾಳಿಯಂತ್ರಗಳನ್ನು ನೋಡಿಯೇ ಇರುತ್ತಾರೆ. ಹುಡುಗರ ಬಾಯಲ್ಲಿ ಅವೂ ಫ್ಯಾನುಗಳೇ. ಅಲ್ಲಿ ಗಾಳಿಯು ರೆಕ್ಕೆಯನ್ನು ತಿರುಗಿಸಿ ವಿದ್ಯುತ್ತಾಗುತ್ತದೆ. ಮನೆಯಲ್ಲಿ ವಿದ್ಯುತ್ತು ರೆಕ್ಕೆಯನ್ನು ತಿರುಗಿಸಿ ಗಾಳಿಯಾಗುತ್ತದೆ. ಗುಡ್ಡದ ಯಂತ್ರಕ್ಕೆ ನೆಲದಾಳದ ಕಾಂಕ್ರೀಟಿನ ಬುನಾದಿ ಬೇಕೆಂದು ಒಪ್ಪುವ ಗೃಹಸ್ಥರು ಮನೆಯ ಯಂತ್ರಕ್ಕೆ ತುಕ್ಕು ಹಿಡಿದ ಕೊಂಡಿ ಸಾಕೆನ್ನುವುದು ವಿಚಿತ್ರ.

ಹೊಸ ಬಡಾವಣೆಗಳ ಕಾಂಕ್ರೀಟು ಮನೆಗಳಲ್ಲಿ ಈ ಚಿಂತೆ ಕಡಮೆ. ಛಾವಣಿ ಹಾಕುವಾಗಲೇ ಸರಳಿನ ಜಾಲಕ್ಕೆ ಬಿಗಿದ ಕೊಕ್ಕೆಯನ್ನು ಹುದುಗಿಸಿರುತ್ತಾರೆ. ಮರೆತಿದ್ದರೆ ಕೊರೆದು ಹಿಗ್ಗುವ ಆ್ಯಂಕರ್ ಬೋಲ್ಟಿನಿಂದ ಕೊಕ್ಕೆ ಕೂರಿಸಬೇಕೇ ಹೊರತು ಮರದ ಬೆಣೆ ಬಡಿದು ಮೊಳೆ ಹೊಡೆಯಬಾರದು. ತಗಡಿನ ಮನೆಯಲ್ಲಿ ತಗಡಿಗಲ್ಲ, ಅದನ್ನು ಹೊತ್ತ ಉಕ್ಕಿನ ಅಡ್ಡಪಟ್ಟಿಗೆ ಕ್ಲಾಂಪು ಬಿಗಿಯಬೇಕು.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಹಳೆಯ ಕೇರಿಗಳಲ್ಲಿ ಉಳಿದುಕೊಂಡಿರುವ ಮೇಲ್ಮುದ್ದೆಯ ಮನೆಗಳ ಕಥೆಯೇ ಬೇರೆ. ಅಲ್ಲಿ ಗೋಡೆಗಳ ಮೇಲೆ ತೊಲೆ, ತೊಲೆಗಳ ಮೇಲೆ ಜಂತಿ, ಜಂತಿಗಳ ಮೇಲೆ ಹಲಗೆ, ಅದರ ಮೇಲೆ ಮಣ್ಣು. ಇವುಗಳಲ್ಲಿ ಫ್ಯಾನನ್ನು ಹೊರಬಲ್ಲದ್ದು ತೊಲೆಯೊಂದೇ. ಜಂತಿ ಸಣ್ಣದು, ಹಲಗೆ ಇನ್ನೂ ಸಣ್ಣದು. ಕೋಣೆಯ ನಟ್ಟನಡುವೆಯೇ ಫ್ಯಾನು ಬರಬೇಕೆಂಬ ಹಟದಿಂದ ಜಂತಿಗೆ ಕೊಕ್ಕೆ ಹೊಡೆಯುವವರೂ ಉಂಟು, ಹಲಗೆ ಕೊರೆದು ಮಣ್ಣಿನ ಮೇಲಿಂದ ಸರಳು ಇಳಿಬಿಡುವವರೂ ಉಂಟು. ಎರಡನೆಯವರ ಮನೆ ಮೊದಲ ಮಳೆಗೇ ಸೋರುತ್ತದೆ. ಸೋರಿದ ನೀರು ಸರಳಿನ ಗುಂಟ ಇಳಿದು ನೇರವಾಗಿ ಮೋಟಾರಿನ ಮೇಲೆ ಬೀಳುತ್ತದೆ.

ತೊಲೆಯಾದರೂ ಒಳಗೆ ಗಟ್ಟಿಯಿರಬೇಕಲ್ಲವೆ? ಬೆಟಗೇರಿಯ ಆ ವೈರ್‌ಮನ್ನನು ಫ್ಯಾನಿನ ಪೆಟ್ಟಿಗೆಯನ್ನು ಮುಟ್ಟುವ ಮೊದಲೇ ಏಣಿ ಏರಿ, ಸುತ್ತಿಗೆಯ ಹಿಡಿಯಿಂದ ತೊಲೆಯನ್ನು ಈ ತುದಿಯಿಂದ ಆ ತುದಿಯವರೆಗೆ ಬಡಿಯುತ್ತ ಹೋದನು. ಗಟ್ಟಿ ಮರ ಕಣಕಣನೆ ಉತ್ತರ ಕೊಡುತ್ತದೆ. ಗೆದ್ದಲು ತಿಂದದ್ದು ಬುರುಡೆಯಂತೆ ದಬದಬನೆ ನುಡಿಯುತ್ತದೆ. ಗೋಡೆಯೊಳಗೆ ಸೇರಿದ ತುದಿಗಳಲ್ಲಿ ಅವನು ಮೊನಚಾದ ಉಳಿಯನ್ನು ಒತ್ತಿ ನೋಡಿದನು. ಮೇಲ್ಮುದ್ದೆಯ ಸೋರಿಕೆ ಇಳಿಯುವುದು ಅಲ್ಲಿಯೇ. ಮರ ಕೊಳೆಯಲು ಆರಂಭಿಸುವುದೂ ಅಲ್ಲಿಯೇ. ಮಣ್ಣಿನ ಸಣ್ಣ ಗೆರೆಯೊಂದು ಗೋಡೆಯಿಂದ ತೊಲೆಗೆ ಏರಿದ್ದರೆ ಅದು ಗೆದ್ದಲಿನ ದಾರಿ. ಅಂಥ ತೊಲೆಗೆ ಫ್ಯಾನು ಬಿಗಿಯುವ ಮಾತು ಹಾಗಿರಲಿ, ಅದರ ಕೆಳಗೆ ಮಲಗುವುದನ್ನೇ ಮರುವಿಚಾರಿಸಬೇಕು.

ತೊಲೆ ಗಟ್ಟಿಯಾಗಿತ್ತು. ಅದಕ್ಕೆ ಫ್ಯಾನು ಬಿಗಿಯುವ ಕ್ರಮವನ್ನು ನಮ್ಮ ದೇಶದ ಕಟ್ಟಡ ಸಂಹಿತೆಯೇ ಹೇಳಿದೆ: ತೊಲೆಯ ಎರಡೂ ಪಕ್ಕಗಳಿಗೆ ಕಬ್ಬಿಣದ ಚಪ್ಪಟೆ ಪಟ್ಟಿಗಳನ್ನು ಇಟ್ಟು, ತೊಲೆಯನ್ನು ಆರಪಾರ ಕೊರೆದು, ಒಂದು ಅಥವಾ ಎರಡು ಬೋಲ್ಟುಗಳಿಂದ ಆ ಪಟ್ಟಿಗಳನ್ನು ಬಿಗಿಯಬೇಕು. ಫ್ಯಾನು ನೇತಾಡುವುದು ಆ ಪಟ್ಟಿಗಳ ಕೆಳತುದಿಯಲ್ಲಿ. ಇಲ್ಲಿ ತಿರುಪು ಸಡಿಲುವ ಭಯವಿಲ್ಲ. ಮರ ಸೀಳಿದ ಹೊರತು ಅದು ಕಳಚದು. ಕೊರೆಯುವ ತೂತು ತೊಲೆಯ ಎತ್ತರದ ನಟ್ಟನಡುವೆ ಇರಬೇಕು. ಭಾರ ಹೊತ್ತ ತೊಲೆಯ ಕೆಳ ಅಂಚು ಹಿಗ್ಗುವ ಸೆಳೆತದಲ್ಲಿಯೂ ಮೇಲಿನ ಅಂಚು ಕುಗ್ಗುವ ಒತ್ತಡದಲ್ಲಿಯೂ ಇರುತ್ತದೆ. ನಡುಭಾಗಕ್ಕೆ ಆಯಾಸ ಕಡಮೆ. ಕೆಳ ಅಂಚಿಗೆ ಸಮೀಪ ಕೊರೆಯುವುದೆಂದರೆ ತೊಲೆಯನ್ನು ಸೀಳಲು ತಾನೇ ಮುಹೂರ್ತವಿಟ್ಟಂತೆ.

ಬಳಿಕ ಎತ್ತರದ ಪ್ರಶ್ನೆ. ಹಳೆಯ ಮನೆಗಳ ಬಾಗಿಲಿಗೆ ತಲೆ ಬಗ್ಗಿಸುವುದು ರೂಢಿ, ಫ್ಯಾನಿಗೆ ಬಗ್ಗಿಸಲಾಗದು. ಫ್ಯಾನಿನ ಕೆಳತುದಿ ನೆಲದಿಂದ ೨.೪ ಮೀಟರಿಗಿಂತ, ಅಂದರೆ ಸುಮಾರು ೮ ಅಡಿಗಿಂತ, ಕೆಳಗೆ ಬರಬಾರದು. ಛಾವಣಿಗೂ ರೆಕ್ಕೆಗೂ ನಡುವೆ ಕನಿಷ್ಠ ಒಂದಡಿ ತೆರವಿರಬೇಕು, ಇಲ್ಲವಾದರೆ ಗಾಳಿಯೇ ಸಿಗದು. ಮಂಚದ ಮೇಲೆ ಎದ್ದು ನಿಂತು ಕುಣಿಯುವ ಮಕ್ಕಳು, ಅಂಗಿ ತೊಡುವಾಗ ಎತ್ತುವ ಕೈ, ಹೆಗಲ ಮೇಲೆ ಕೂಸನ್ನು ಕೂರಿಸಿಕೊಂಡು ಆಡಿಸುವ ಸೋದರಮಾವ, ಇವೆಲ್ಲ ಈ ೮ ಅಡಿಯ ಲೆಕ್ಕದಲ್ಲಿ ಬರುತ್ತವೆ. ತೊಲೆಯ ಕೆಳಗೆ ಅಷ್ಟು ಎತ್ತರ ಸಿಕ್ಕದ ಮನೆಯವರು ಸೀಲಿಂಗ್ ಫ್ಯಾನಿನ ಆಸೆಯನ್ನು ಬಿಟ್ಟು ಗೋಡೆಯ ಫ್ಯಾನನ್ನೋ ಮೇಜಿನ ಫ್ಯಾನನ್ನೋ ತರುವುದೇ ಸರಿ. ಬೆಟಗೇರಿಯ ಮನೆಯಲ್ಲಿ ನೆಲದಿಂದ ತೊಲೆಗೆ ಒಂಬತ್ತೂವರೆ ಅಡಿ ಬಂದಿತು.

ಇನ್ನು ವಿದ್ಯುತ್ತು. ಸ್ವಿಚ್ಚನ್ನು ಆರಿಸಿದರೆ ಸಾಕೆಂಬುದು ಬಹು ಜನರ ನಂಬಿಕೆ. ಹಳೆಯ ವೈರಿಂಗಿನಲ್ಲಿ ಸ್ವಿಚ್ಚನ್ನು ತಪ್ಪು ತಂತಿಗೆ ಜೋಡಿಸಿರುವುದುಂಟು. ಆಗ ಸ್ವಿಚ್ಚು ಆರಿಸಿದರೂ ಫ್ಯಾನು ನಿಂತಿರುತ್ತದೆಯೇ ಹೊರತು ಅದರ ತಂತಿಯಲ್ಲಿ ೨೩೦ ವೋಲ್ಟು ಕಾದು ಕುಳಿತಿರುತ್ತದೆ. ಆದ್ದರಿಂದ ವೈರ್‌ಮನ್ನನು ಮೇನ್ ಸ್ವಿಚ್ಚನ್ನೇ ತೆಗೆದು, ಫ್ಯೂಜುಗಳನ್ನು ಕಿತ್ತು ಕಿಸೆಗೆ ಹಾಕಿಕೊಂಡು ಏಣಿ ಏರಿದನು. ತಂತಿಗೆ ಕೈ ಚಾಚುವಷ್ಟರಲ್ಲಿ ಒಳಗಿನಿಂದ ಅಜ್ಜಿಯ ದನಿ ಬಂದಿತು.

“ತಮ್ಮಾ, ಕರೆಂಟ್ ತಗದೀನಿ ಅಂದಿ. ದೇವರ ಮನಿಯಾಗಿನ ದೀಪ ಹತ್ತೇ ಐತಲ್ಲೋ?”

ಅವನ ಕೈ ಅಲ್ಲಿಯೇ ನಿಂತಿತು. ಹಿಂದಿನ ವರುಷ ಯಜಮಾನರು ಕೊಂಡಿದ್ದ ಇನ್ವರ್ಟರು ಅಟ್ಟದ ಕೆಳಗಿನ ಮೂಲೆಯಲ್ಲಿ ಕುಳಿತು, ಮೇನು ಹೋಯಿತೆಂದು ತಿಳಿದ ಕ್ಷಣವೇ ತನ್ನ ಕೆಲಸವನ್ನು ಆರಂಭಿಸಿತ್ತು. ನಡುಮನೆಯ ತಂತಿಯೂ ಅದಕ್ಕೇ ಸೇರಿತ್ತು. ಬ್ಯಾಟರಿಯಿಂದ ಬಂದ ಕರೆಂಟೆಂದು ಉದಾಸೀನ ಮಾಡುವಂತಿಲ್ಲ. ಇನ್ವರ್ಟರು ಕೊಡುವುದೂ ಅದೇ ಮಾರಣಾಂತಿಕ ವೋಲ್ಟೇಜು. ವೈರ್‌ಮನ್ನನು ಇಳಿದು ಅದನ್ನೂ ಆರಿಸಿ, ಅದರಿಂದ ಮನೆಗೆ ಹೋಗುವ ಪಿನ್ನನ್ನೂ ಕಿತ್ತು, ಟೆಸ್ಟರನ್ನು ಪ್ರತಿಯೊಂದು ತಂತಿಗೂ ಹಿಡಿದು ನೋಡಿದ ಮೇಲೆಯೇ ಮತ್ತೆ ಏರಿದನು. ಟೆಸ್ಟರು ಸರಿಯಿದೆಯೆಂಬುದನ್ನು ಕರೆಂಟು ತೆಗೆಯುವ ಮೊದಲೇ ಪರೀಕ್ಷಿಸಿಕೊಂಡಿರಬೇಕು. ಕೆಟ್ಟ ಟೆಸ್ಟರಿಗೆ ಎಲ್ಲ ತಂತಿಯೂ ನಿರ್ಜೀವವೇ.

ಹಸುರು ತಂತಿಯನ್ನು ಅನೇಕರು ನಿರುಪಯುಕ್ತವೆಂದು ಕತ್ತರಿಸಿ ಮಡಚಿಡುತ್ತಾರೆ. ಇದು ಅರ್ಥಿಂಗಿನ ತಂತಿ. ಮೋಟಾರಿನೊಳಗೆ ಸುರುಳಿ ಸುಟ್ಟು ಕರೆಂಟು ಹೊರಕವಚಕ್ಕೆ ಹರಿದರೆ ಅದನ್ನು ಭೂಮಿಗೆ ಒಯ್ಯುವ ದಾರಿ ಅದೊಂದೇ. ಗದಗ ಸೀಮೆಯಲ್ಲಿ ಇದಕ್ಕೆ ಇನ್ನೊಂದು ಸೂಕ್ಷ್ಮವಿದೆ. ಇಲ್ಲಿಯ ಎರೆಮಣ್ಣು ಬೇಸಗೆಯಲ್ಲಿ ಒಣಗಿ ಬಾಯಿ ಬಿಡುತ್ತದೆ. ಒಣ ಮಣ್ಣಿನಲ್ಲಿ ವಿದ್ಯುತ್ತು ಸಲೀಸಾಗಿ ಹರಿಯದು. ಫ್ಯಾನು ಹಗಲಿರುಳು ಓಡುವ ತಿಂಗಳುಗಳಲ್ಲಿಯೇ ಅರ್ಥಿಂಗಿನ ಗುಂಡಿ ಅತ್ಯಂತ ದುರ್ಬಲವಾಗಿರುತ್ತದೆ. ಹಿತ್ತಲಿನ ತುಳಸಿಗೆ ನೀರೆರೆಯುವ ಗೃಹಿಣಿಯರು ಆ ಗುಂಡಿಗೂ ಆಗಾಗ ಒಂದು ಕೊಡ ನೀರು ಹೊಯ್ದರೆ ಉಪಕಾರವಾಗುತ್ತದೆ. ೩೦ ಮಿಲಿ ಆಂಪಿಯರ್ ಸೋರಿಕೆಗೇ ಕರೆಂಟನ್ನು ಕಡಿದುಹಾಕುವ ಆರ್.ಸಿ.ಸಿ.ಬಿ. ಎಂಬ ಸ್ವಿಚ್ಚು ಪೇಟೆಯಲ್ಲಿ ದೊರೆಯುತ್ತದೆ. ಫ್ಯಾನಿಗೆ ಹಣ ತೆತ್ತವರು ಇದಕ್ಕೆ ಜಿಪುಣತನ ತೋರಬಾರದು. ಹೊಸ ತಂತಿ ಎಳೆಯಬೇಕಾದಲ್ಲಿ ಅದು ಪರವಾನಗಿಯುಳ್ಳವರ ಕೆಲಸ. ಯೂಟ್ಯೂಬ್ ನೋಡಿ ಕಲಿತ ಸೋದರಳಿಯನದಲ್ಲ.

ಜೋಡಿಸುವ ಕೆಲಸ ಮೇಲ್ನೋಟಕ್ಕೆ ಸುಲಭ. ಆದರೆ ಫ್ಯಾನಿನ ಸಮಸ್ತ ಭಾರವನ್ನು ಹೊರುವುದು ರಾಡಿನ ಮೇಲೂ ಕೆಳಗೂ ಇರುವ ಎರಡು ಬೋಲ್ಟುಗಳು. ಅವುಗಳ ನಟ್ಟು ಕಳಚದಂತೆ ತಡೆಯುವುದು ಬೆರಳುದ್ದದ ಸ್ಪ್ಲಿಟ್ ಪಿನ್ನು. ಆ ಪಿನ್ನನ್ನು ತೂರಿಸಿ ಅದರ ಎರಡು ಕಾಲುಗಳನ್ನು ಎರಡು ಕಡೆಗೆ ಅಗಲಿಸಬೇಕು. ಪೆಟ್ಟಿಗೆಯ ತಳದಲ್ಲಿ ಉಳಿದುಹೋಗುವ ವಸ್ತುಗಳಲ್ಲಿ ಇದೇ ಮೊದಲನೆಯದು. ಪಿನ್ನು ಕಾಣೆಯಾದರೆ ತಂತಿಯ ತುಂಡು ಸಿಕ್ಕಿಸದೆ ಅಂಗಡಿಗೆ ಹೋಗಿ ತರಬೇಕು. ರೆಕ್ಕೆಗಳನ್ನು ಹಿಡಿದು ಫ್ಯಾನನ್ನು ಎತ್ತಬಾರದು, ಒಂದು ಫ್ಯಾನಿನ ರೆಕ್ಕೆಯನ್ನು ಇನ್ನೊಂದಕ್ಕೆ ಹಾಕಬಾರದು. ನಡುಕ ಹುಟ್ಟುವುದು ಅಲ್ಲಿಂದಲೇ. ರೆಕ್ಕೆಗಳನ್ನು ಕೊನೆಗೆ ಜೋಡಿಸಿದ ಮೇಲೆ ಮೊದಲ ಹತ್ತು ನಿಮಿಷ ಯಾರನ್ನೂ ಕೆಳಗೆ ನಿಲ್ಲಗೊಡದೆ ಎಲ್ಲ ವೇಗಗಳಲ್ಲಿಯೂ ಓಡಿಸಿ ನೋಡಬೇಕು.

ಕೊಳ್ಳುವವರಿಗೂ ಒಂದು ಸೂಚನೆ. ೨೦೨೩ರ ಜನವರಿ ೧ರಿಂದ ಸೀಲಿಂಗ್ ಫ್ಯಾನುಗಳಿಗೆ ನಕ್ಷತ್ರದ ಚೀಟಿ ಕಡ್ಡಾಯವಾಗಿದೆ. ಹಳೆಯ ಮಾದರಿಯವು ೭೦-೭೫ ವಾಟು ತಿನ್ನುವಲ್ಲಿ ಬಿ.ಎಲ್.ಡಿ.ಸಿ. ಮೋಟಾರಿನವು ಸುಮಾರು ೩೦ರಲ್ಲಿ ಮುಗಿಸುತ್ತವೆ. ಇವನ್ನು ಗೋಡೆಯ ಹಳೆಯ ರೆಗ್ಯುಲೇಟರಿಗೆ ಜೋಡಿಸಬಾರದು.

ಬೆಟಗೇರಿಯಲ್ಲಿ ಫ್ಯಾನು ತೊಟ್ಟಿಲ ಕೊಂಡಿಯಿಂದ ಐದಡಿ ದೂರದಲ್ಲಿ, ಪಟ್ಟಿಗಳ ಕ್ಲಾಂಪಿನಲ್ಲಿ ನಿಂತಿತು. ತೊಟ್ಟಿಲು ಅದರ ನೇರ ಕೆಳಗೆ ಬರಲಿಲ್ಲ. ಕೂಸನ್ನು ಎತ್ತುವವರ ಕೈಯೂ ರೆಕ್ಕೆಯ ಸುತ್ತಿಗೆ ಸಿಗಲಿಲ್ಲ. ಎಂಟು ದಿನಗಳ ನಂತರ ವೈರ್‌ಮನ್ನನು ಹೇಳಿದ ಮಾತಿನಂತೆ ಮತ್ತೆ ಬಂದು ಬೋಲ್ಟುಗಳನ್ನು ಪರೀಕ್ಷಿಸಿದನು. ಮರ ಒತ್ತಿ ಕುಳಿತಿದ್ದರಿಂದ ಒಂದು ನಟ್ಟು ಅರ್ಧ ಸುತ್ತು ಹೆಚ್ಚಿಗೆ ತಿರುಗಿತು. ಅವನು ಏಣಿ ಇಳಿಯುವಷ್ಟರಲ್ಲಿ ಅಜ್ಜಿ ತೊಟ್ಟಿಲ ಹಗ್ಗವನ್ನು ಹಿಡಿದುಕೊಂಡು ಬಂದರು.

“ಹೆಂಗೂ ಏಣಿ ಹಚ್ಚೀಯಲ್ಲಪಾ, ಆ ಕೊಂಡೀನೂ ಒಂದ್ಸಲ ಜಗ್ಗಿ ನೋಡಿಬಿಡು.”

ಅವನು ತುಕ್ಕನ್ನು ಕೆರೆದನು, ಸುತ್ತಲಿನ ಮರವನ್ನು ಬಡಿದು ಕೇಳಿದನು, ಎರಡೂ ಕೈಗಳಿಂದ ಹಿಡಿದು ಮೈಭಾರವೆಲ್ಲ ಬಿಟ್ಟು ಜಗ್ಗಿದನು. ಕೊಂಡಿ ಅಲುಗಲಿಲ್ಲ.

“ಇದಕ್ಕ ಕೂಸು ಮಲಗಸ್ರಿ ಅವ್ವಾರ,” ಎಂದನು.